ಕಾಡು ಟೊಮೆಟೊದ ಋಣ

ಟೊಮೆಟೊ ಗಿಡ ಬದನೆ, ಆಲೂಗಡ್ಡೆ, ಗಣಿಕೆ ಸೊಪ್ಪುಗಳ ಕುಲದ್ದು. ಅದರ ತವರು ದಕ್ಷಿಣ ಅಮೆರಿಕದ ಪಡುವಣ ಅಂಚು: ಪೆರು, ಎಕ್ವಡಾರ್, ಚಿಲಿ ದೇಶಗಳ ಆಂಡಿಸ್ ಬೆಟ್ಟಸಾಲು ಮತ್ತು ಅದರ ಬುಡದ ಒಣ ಕರಾವಳಿ. ಅಲ್ಲಿ ಅದರ ಹನ್ನೆರಡರಷ್ಟು ಕಾಡು ಬಂಧುಗಳು ಇವತ್ತಿಗೂ ತಾವಾಗಿಯೇ ಹುಟ್ಟಿ ಬೆಳೆಯುತ್ತಿವೆ. ಒಂದು ಮಳೆ ಕಾಣದ ಮರಳುನೆಲದಲ್ಲಿ ಬದುಕುತ್ತದೆ, ಇನ್ನೊಂದು ಮಂಜು ಮುಸುಕುವ ಎತ್ತರದಲ್ಲಿ, ಮತ್ತೊಂದು ಗಲಪಗೋಸ್ ದ್ವೀಪಗಳ ಉಪ್ಪುಗಾಳಿಯಲ್ಲಿ. ಬಹುಪಾಲಿನ ಹಣ್ಣು ಮಾಗಿದರೂ ಹಸಿರಾಗಿಯೇ ಇರುತ್ತದೆ, ಬಾಯಿಗಿಟ್ಟರೆ ಕಹಿ. ಆದರೆ ಸೊಲಾನಮ್ ಪಿಂಪಿನೆಲ್ಲಿಫೋಲಿಯಮ್ ಎಂಬ ಬಂಧು ಬಟಾಣಿ ಕಾಳಿನಷ್ಟು ದಪ್ಪದ, ಕೆಂಪಗಿನ, ರುಚಿಯಾದ ಹಣ್ಣು ಬಿಡುತ್ತದೆ. ಒಂದೊಂದು ಹಣ್ಣು ತೂಗಿದರೆ ಒಂದೆರಡು ಗ್ರಾಂ. ಇಂದು ಹೊಲಗಳಲ್ಲಿ ಬೆಳೆಯುವ ಟೊಮೆಟೊದ ಮೂಲ ಅದೇ.

ಈ ಪುಟ್ಟ ಹಣ್ಣು ಉತ್ತರಕ್ಕೆ ಸಾಗಿ ಮೆಕ್ಸಿಕೊ ಸೀಮೆಯಲ್ಲಿ ಒಕ್ಕಲು ಬೆಳೆಯಾಯಿತು. ಹೆಸರೂ ಅಲ್ಲಿಯದೇ, ನಹುವಾಟ್ಲ್ ಭಾಷೆಯ ‘ಟೊಮಾಟ್ಲ್’ ಎಂಬ ಮಾತಿನಿಂದ ಬಂದದ್ದು. 16ನೇ ಶತಮಾನದಲ್ಲಿ ಸ್ಪೇನಿನವರ ಹಡಗಿನಲ್ಲಿ ಯುರೋಪಿಗೆ ಹೋಯಿತು, ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂತು. ಈ ದಾರಿಯುದ್ದಕ್ಕೂ ಜನ ದೊಡ್ಡ ಹಣ್ಣಿನ ಬೀಜವನ್ನೇ ಎತ್ತಿಟ್ಟು ಬಿತ್ತುತ್ತ ಬಂದದ್ದರಿಂದ ಹಣ್ಣಿನ ತೂಕ ನೂರು ಪಟ್ಟು ಹೆಚ್ಚಿತು. ಆದರೆ ಪ್ರತಿ ನಿಲ್ದಾಣದಿಂದಲೂ ಮುಂದಕ್ಕೆ ಸಾಗಿದ್ದು ಒಂದು ಹಿಡಿ ಬೀಜ ಮಾತ್ರ. ಉಳಿದ ಗಿಡಗಳ ಗುಣಗಳು ಅಲ್ಲಲ್ಲೇ ಉಳಿದುಹೋದವು. ಕಾಡು ಬಂಧುಗಳಲ್ಲಿ ಹರಡಿಕೊಂಡಿರುವ ಆನುವಂಶಿಕ ವೈವಿಧ್ಯದಲ್ಲಿ ಶೇಕಡ 5ರಷ್ಟೂ ನಾಡ ಟೊಮೆಟೊದಲ್ಲಿಲ್ಲ ಎಂಬ ಅಂದಾಜಿದೆ. ಬಣ್ಣ, ಆಕಾರ, ಗಾತ್ರಗಳಲ್ಲಿ ನೂರಾರು ಬಗೆ ಕಂಡರೂ ಒಳಗೆ ಅವೆಲ್ಲ ತೀರಾ ಹತ್ತಿರದ ದಾಯಾದಿಗಳು. ಆದ್ದರಿಂದ ತಳಿಗಾರನಿಗೆ ಹೊಸದೊಂದು ಗುಣ ಬೇಕಾದಾಗಲೆಲ್ಲ, ಅದು ರೋಗ ತಡೆಯುವ ಶಕ್ತಿಯಾಗಲಿ, ಕಳೆದುಹೋದ ರುಚಿಯಾಗಲಿ, ಅವನು ಕಾಡಿನ ಬಾಗಿಲನ್ನೇ ತಟ್ಟಬೇಕಾಗಿದೆ.

ರುಚಿ ಎಂದರೇನು ಎಂಬುದು ಇಲ್ಲಿ ಮೊದಲು ತಿಳಿಯಬೇಕಾದ ವಿಷಯ. ನಾಲಿಗೆಗೆ ಸಿಗುವ ಪಾಲು ಸರಳ. ಸಿಹಿಗೆ ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸಕ್ಕರೆಗಳು. ಹುಳಿಗೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲ, ಜೊತೆಗೆ ಸ್ವಲ್ಪ ಮ್ಯಾಲಿಕ್ ಆಮ್ಲ. ಸಾರಿಗೆ ಮೈ ತುಂಬಿದಂತೆ ಅನ್ನಿಸುವ ರಸಕ್ಕೆ ಗ್ಲುಟಮೇಟ್. ಇಷ್ಟನ್ನು ನೀರಿನಲ್ಲಿ ಕಲಸಿ ಕುಡಿದರೆ ಹುಳಿಸಿಹಿ ಪಾನಕವಾಗುತ್ತದೆಯೇ ಹೊರತು ಟೊಮೆಟೊ ಆಗುವುದಿಲ್ಲ. ಟೊಮೆಟೊ ಎಂಬ ಗುರುತು ಹತ್ತುವುದು ಪರಿಮಳದಿಂದ. ಹಣ್ಣನ್ನು ಅಗಿದಾಗ ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ಆವಿಯಲ್ಲಿ 400ಕ್ಕೂ ಹೆಚ್ಚು ರಾಸಾಯನಿಕಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ ರುಚಿಗೆ ನಿಜವಾಗಿ ಲೆಕ್ಕಕ್ಕೆ ಬರುವುದು ಎರಡು ಮೂರು ಡಜನ್, ಅದೂ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಅತ್ಯಲ್ಪ ಪ್ರಮಾಣದಲ್ಲಿ.

ಈ ಪರಿಮಳಗಳು ಹುಟ್ಟುವ ಬಗೆ ಸೋಜಿಗದ್ದು. ಆಗತಾನೆ ಕೊಯ್ದ ಹುಲ್ಲಿನಂಥ ಹಸಿವಾಸನೆ ಬರುವುದು ಹಣ್ಣಿನ ಕೊಬ್ಬಿನಾಮ್ಲಗಳು ಒಡೆಯುವುದರಿಂದ. ಗುಲಾಬಿಯ ನೆನಪು ತರುವ ಎಳೆಯೊಂದು ಫಿನೈಲ್ ಅಲನಿನ್ ಎಂಬ ಅಮೈನೋ ಆಮ್ಲದಿಂದ ಹುಟ್ಟುತ್ತದೆ. ಹೂವಿನ, ಹಣ್ಣಿನ ಕಂಪು ಕೊಡುವ ಇನ್ನೊಂದು ಗುಂಪು ಹಣ್ಣಿಗೆ ಕೆಂಪು ಕೊಡುವ ಕ್ಯಾರೊಟಿನಾಯ್ಡ್ ಬಣ್ಣಗಳೇ ಚೂರಾದಾಗ ಬರುವಂಥದ್ದು. ಹಣ್ಣು ಕೆಂಪಾಗುವುದಕ್ಕೂ ಕಂಪಾಗುವುದಕ್ಕೂ ಹೀಗೆ ಒಳನಂಟಿದೆ. ಮನುಷ್ಯನ ದೇಹಕ್ಕೆ ಹೊರಗಿನಿಂದ ಸಿಗಲೇಬೇಕಾದ ಕೊಬ್ಬಿನಾಮ್ಲ, ಅಮೈನೋ ಆಮ್ಲ, ಬಣ್ಣಗಳೇ ಈ ಪರಿಮಳಗಳ ಮೂಲ ಎಂಬುದನ್ನೂ ಗಮನಿಸಬೇಕು. ಮೂಗಿಗೆ ಹಿತವಾದ ಹಣ್ಣು ಮೈಗೂ ಹಿತವೆಂಬ ಸೂಚನೆ ಅದರಲ್ಲಿದೆ. ಮಾಗಿದ ಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಪರಿಮಳ ತಯಾರಿಸುವ ವಂಶವಾಹಿಗಳ ಕೆಲಸ ಕುಂದುತ್ತದೆ. ಸಕ್ಕರೆ, ಹುಳಿ ಹಾಗೆಯೇ ಇರುತ್ತವೆ, ಕಂಪು ಮಾತ್ರ ಹೋಗಿರುತ್ತದೆ. ತಂಪುಪೆಟ್ಟಿಗೆಯ ಟೊಮೆಟೊ ಸಪ್ಪೆ ಎಂಬ ಮನೆಮಂದಿಯ ದೂರಿಗೆ ಪ್ರಯೋಗಶಾಲೆಯ ಬೆಂಬಲವೂ ಇದೆ.

ಹೊಲದ ಟೊಮೆಟೊ ರುಚಿಗೆಟ್ಟದ್ದು ಯಾರ ಕೇಡುಬುದ್ಧಿಯಿಂದಲೂ ಅಲ್ಲ. 20ನೇ ಶತಮಾನದ ಉದ್ದಕ್ಕೂ ತಳಿಗಾರರ ಮುಂದೆ ಇದ್ದ ಪಟ್ಟಿಯಲ್ಲಿ ಇಳುವರಿ, ಗಾತ್ರ, ಬಣ್ಣ, ಗಟ್ಟಿತನ, ಸಾಗಣೆ ತಾಳಿಕೆ, ರೋಗನಿರೋಧಕ ಶಕ್ತಿ ಇದ್ದವು. ಇವನ್ನೆಲ್ಲ ತಕ್ಕಡಿಯಲ್ಲಿ, ಕಣ್ಣಳತೆಯಲ್ಲಿ, ದಿನಗಳ ಲೆಕ್ಕದಲ್ಲಿ ಅಳೆಯಬಹುದು. ರುಚಿಯನ್ನು ಅಳೆಯುವವರಿರಲಿಲ್ಲ, ರೈತನಿಗೆ ಅದಕ್ಕಾಗಿ ಹೆಚ್ಚು ಕಾಸು ಕೊಡುವವರೂ ಇರಲಿಲ್ಲ. ಅಳೆಯದ ಗುಣವನ್ನು ಯಾರೂ ಆರಿಸಲಿಲ್ಲ. ಆರಿಸದ ಗುಣ ತಲೆಮಾರಿನಿಂದ ತಲೆಮಾರಿಗೆ ಸೋರಿಹೋಯಿತು.

ಸೋರಿಕೆಯ ಒಂದು ಕಿಂಡಿಯನ್ನು ವಿಜ್ಞಾನಿಗಳು ಬೆರಳಿಟ್ಟು ತೋರಿಸಿದ್ದು 2012ರಲ್ಲಿ. ಹಳೆಯ ತಳಿಗಳ ಎಳೆಗಾಯಿಯ ತೊಟ್ಟಿನ ಸುತ್ತ ಕಡುಹಸಿರು ಪಟ್ಟಿ ಇರುತ್ತದೆ. ಹಣ್ಣಾದಾಗಲೂ ಆ ಭಾಗ ತಡವಾಗಿ ಕೆಂಪಾಗುತ್ತದೆ. ಇದು ನೋಡಲು ಅಂದವಲ್ಲ, ಕೊಯ್ಲಿನ ಸಮಯ ಗೊತ್ತುಮಾಡಲೂ ತೊಡಕು. ಕಾಯೆಲ್ಲ ಒಂದೇ ಸಮನೆ ತಿಳಿಹಸಿರಾಗಿದ್ದು ಒಂದೇ ಸಮನೆ ಕೆಂಪಾಗುವ ಗಿಡಗಳು ಸಿಕ್ಕಾಗ ತಳಿಗಾರರು ಅವನ್ನೇ ಎತ್ತಿಕೊಂಡರು, ಸುಮಾರು 70 ವರ್ಷ ಅದನ್ನೇ ಹೊಸ ತಳಿಗಳಿಗೆ ಬೆರೆಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಆನ್ ಪೊವೆಲ್ ಮತ್ತು ಸಂಗಡಿಗರು ಆ ಗುಣದ ಹಿಂದಿನ ವಂಶವಾಹಿಯನ್ನು ಹುಡುಕಿ ತೆಗೆದಾಗ ವಿಷಯ ಹೊರಬಿತ್ತು. ಅದು ಕಾಯಿಯಲ್ಲಿ ಹರಿತ್ತಿನ ಕಣಗಳನ್ನು ಬೆಳೆಸುವ ವಂಶವಾಹಿ. ಸಮನಾಗಿ ಮಾಗುವ ತಳಿಗಳಲ್ಲಿ ಅದು ಮುರಿದುಹೋಗಿದೆ. ಹರಿತ್ತು ಕಡಿಮೆಯಾದ ಕಾಯಿ ತನ್ನ ಪಾಲಿನ ಸಕ್ಕರೆಯನ್ನು ತಾನೇ ತಯಾರಿಸಿಕೊಳ್ಳಲಾರದು, ಬಣ್ಣದ ದ್ರವ್ಯವೂ ಕಡಿಮೆ. ಚೆಂದಕ್ಕಾಗಿ ಮಾಡಿದ ಆಯ್ಕೆಯ ಬೆಲೆಯನ್ನು ನಾಲಿಗೆ ತೆತ್ತಿತು.

ಮತ್ತೊಂದು ಕಿಂಡಿ ತಾಳಿಕೆಯದು. 1960ರ ದಶಕದಲ್ಲಿ ಬೆಳಕಿಗೆ ಬಂದ ‘ರಿನ್’ ಎಂಬ ರೂಪಾಂತರವಿರುವ ಹಣ್ಣು ಗಿಡದಲ್ಲೇ ಬಿಟ್ಟರೂ ಮಾಗುವುದಿಲ್ಲ. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಅದು ಬಂದರೆ ಹಣ್ಣು ನಿಧಾನವಾಗಿ ಮಾಗಿ ಬಹಳ ದಿನ ಗಟ್ಟಿಯಾಗಿರುತ್ತದೆ. ಜಗತ್ತಿನ ಎಷ್ಟೋ ಬಾಳಿಕೆಯ ಹೈಬ್ರಿಡ್‌ಗಳು ಈ ಯುಕ್ತಿಯ ಮೇಲೆ ನಿಂತಿವೆ. ಮಾಗುವಿಕೆ ತಡವಾದಂತೆ ಬಣ್ಣವೂ ಪರಿಮಳವೂ ಹಿಂದೆ ಬೀಳುತ್ತವೆ. ಅದರ ಮೇಲೆ ದೂರದ ಊರಿಗೆ ಹೋಗುವ ಹಣ್ಣನ್ನು ದೋರೆಗಾಯಿಯಲ್ಲೇ ಕೀಳುವ ರೂಢಿ. ಇಳುವರಿಯ ಲೆಕ್ಕವೂ ಇದೆ: ಗಿಡದ ಎಲೆಗಳು ದಿನಕ್ಕೆ ತಯಾರಿಸುವ ಸಕ್ಕರೆಗೆ ಮಿತಿಯುಂಟು. ಅದೇ ಎಲೆಗಳ ಮೇಲೆ ಎರಡು ಪಟ್ಟು ಹಣ್ಣಿನ ಹೊರೆ ಹೊರಿಸಿದರೆ ಒಂದೊಂದು ಹಣ್ಣಿನ ಪಾಲು ತೆಳುವಾಗದೆ ಗತ್ಯಂತರವಿಲ್ಲ.

ಕಳೆದದ್ದನ್ನು ಹುಡುಕುವ ಕೆಲಸಕ್ಕೆ ಗಟ್ಟಿ ತಳಹದಿ ಹಾಕಿದವರು ಫ್ಲೋರಿಡಾ ವಿಶ್ವವಿದ್ಯಾಲಯದ ಹ್ಯಾರಿ ಕ್ಲೀ ಮತ್ತು ಅವರ ಬಳಗ. ಅವರು ಹಳೆಯ, ಹೊಸ ತಳಿಗಳನ್ನು ನೂರರ ಲೆಕ್ಕದಲ್ಲಿ ಬೆಳೆಸಿ, ಸಾಮಾನ್ಯ ಜನರನ್ನು ಕರೆದು ಹೋಳು ತಿನ್ನಿಸಿ, ಇಷ್ಟ ಎಷ್ಟು, ಸಿಹಿ ಎಷ್ಟು ಎಂದು ಅಂಕ ಬರೆಸಿಕೊಂಡರು. ಅದೇ ಹಣ್ಣುಗಳ ಸಕ್ಕರೆ, ಆಮ್ಲ, ಪರಿಮಳಗಳನ್ನು ಯಂತ್ರದಿಂದ ಅಳೆದು ಎರಡನ್ನೂ ತಾಳೆ ನೋಡಿದರು. ಸಿಕ್ಕಿದ ಉತ್ತರಗಳಲ್ಲಿ ಅಚ್ಚರಿಯದು ಸಿಹಿಯ ಕುರಿತದ್ದು. ‘ಯೆಲ್ಲೋ ಜೆಲ್ಲಿ ಬೀನ್’ ಎಂಬ ತಳಿಗಿಂತ ‘ಮಟಿನಾ’ ಎಂಬ ಹಳೆಯ ತಳಿಯಲ್ಲಿ ಸಕ್ಕರೆ ಕಡಿಮೆ. ಆದರೂ ತಿಂದವರು ಮಟಿನಾಗೆ ಸಿಹಿಯಲ್ಲಿ ಹೆಚ್ಚುಕಡಿಮೆ ಇಮ್ಮಡಿ ಅಂಕ ಕೊಟ್ಟರು. ಕೆಲವು ಪರಿಮಳಗಳು ಮಿದುಳಿನಲ್ಲಿ ಸಿಹಿಯ ಅನುಭವವನ್ನೇ ಹೆಚ್ಚಿಸುತ್ತವೆ ಎಂಬುದು ಇದರಿಂದ ಖಚಿತವಾಯಿತು. ತಳಿಗಾರನಿಗೆ ಇದು ದೊಡ್ಡ ವರ. ಸಕ್ಕರೆ ಹೆಚ್ಚಿಸಲು ಹೋದರೆ ಇಳುವರಿ ಕೈಬಿಡಬೇಕಾಗುತ್ತದೆ. ಪರಿಮಳ ಬೇಕಾಗುವುದು ಕಣದಷ್ಟು, ಅದನ್ನು ತಯಾರಿಸಲು ಗಿಡಕ್ಕೆ ಹೊರೆಯೇನೂ ಇಲ್ಲ.

ಅದೇ ಬಳಗ ಚೀನಾದ ಸಂಶೋಧಕರೊಂದಿಗೆ ಸೇರಿ 398 ತಳಿಗಳ ಪೂರ್ತಿ ಡಿಎನ್‌ಎ ಓದಿ 2017ರಲ್ಲಿ ಫಲಿತಾಂಶ ಪ್ರಕಟಿಸಿತು. ರುಚಿಗೆ ಸಂಬಂಧಿಸಿದ 13 ಪರಿಮಳಗಳು ಹಳೆಯ ತಳಿಗಳಿಗಿಂತ ಇಂದಿನ ವಾಣಿಜ್ಯ ತಳಿಗಳಲ್ಲಿ ಗಣನೀಯವಾಗಿ ಕಡಿಮೆಯಾಗಿದ್ದವು. ಯಾವ ಪರಿಮಳಕ್ಕೆ ವರ್ಣತಂತುವಿನ ಯಾವ ಜಾಗ ಕಾರಣ ಎಂಬುದರ ನಕ್ಷೆಯೂ ಸಿದ್ಧವಾಯಿತು. ಟೊಮೆಟೊದ 12 ಜೋಡಿ ವರ್ಣತಂತುಗಳನ್ನು ಮೊದಲ ಬಾರಿಗೆ ಪೂರ್ತಿ ಓದಿದ್ದು 2012ರಲ್ಲಿ, ಹಲವು ದೇಶಗಳ ಕೂಟ. ಅದರಲ್ಲಿ 5ನೇ ವರ್ಣತಂತುವಿನ ಹೊಣೆ ಹೊತ್ತದ್ದು ಭಾರತದ ಸಂಸ್ಥೆಗಳು.

ನಕ್ಷೆ ಕೈಯಲ್ಲಿದ್ದರೂ ಹೊಸ ತಳಿ ಹುಟ್ಟುವುದು ಹೂವಿನಲ್ಲೇ. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಇದ್ದು, ಕೊಳವೆಯಂತೆ ಕೂಡಿಕೊಂಡ ಹಳದಿ ಕೇಸರಗಳು ಶಲಾಕೆಯನ್ನು ಸುತ್ತುವರಿದಿರುತ್ತವೆ; ಹಾಗಾಗಿ ಸಾಮಾನ್ಯವಾಗಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಬೇರೆ ತಂದೆಯ ಪರಾಗ ಬೇಕೆಂದರೆ ಹೂ ಅರಳುವ ಮುಂಚಿನ ಸಂಜೆ, ಎಸಳು ಇನ್ನೂ ತಿಳಿಹಳದಿಯಾಗಿರುವಾಗ, ಮೊಗ್ಗನ್ನು ಬಿಡಿಸಿ ಚಿಮುಟದಿಂದ ಕೇಸರದ ಕೊಳವೆಯನ್ನು ಕಿತ್ತು ತೆಗೆಯಬೇಕು. ಮರುದಿನ ಬೆಳಗ್ಗೆ ತಂದೆಗಿಡದ ಪರಾಗವನ್ನು ಶಲಾಕೆಯ ತುದಿಗೆ ಮುಟ್ಟಿಸಬೇಕು. ಗುರುತಿಗಾಗಿ ಹೂವಿನ ಬುಡದ ಹಸಿರು ಪುಷ್ಪಪತ್ರಗಳಲ್ಲಿ ಒಂದೆರಡನ್ನು ಕತ್ತರಿಸುತ್ತಾರೆ. ಹಣ್ಣಾದ ಮೇಲೂ ತೊಟ್ಟಿನಲ್ಲಿ ಆ ಗುರುತು ಉಳಿದಿರುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಕೊಪ್ಪಳದ ಸುತ್ತಮುತ್ತಲಿನ ಹೊಲಗಳಲ್ಲಿ ‘ಕ್ರಾಸಿಂಗ್’ ಎಂದರೆ ಇದೇ ಕೆಲಸ. ಬೀಜ ಕಂಪನಿಗಳಿಗಾಗಿ ನಡೆಯುವ ಹೈಬ್ರಿಡ್ ಬೀಜೋತ್ಪಾದನೆಯಲ್ಲಿ ಇದನ್ನು ಹೂವಿನಿಂದ ಹೂವಿಗೆ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದೇಶದ ಹೊಲಗಳಿಗೆ ಹೋಗುವ ಪುಟ್ಟ ಪೊಟ್ಟಣದ ಬೆಲೆಯಲ್ಲಿ ಅವರ ಬೆರಳ ನಾಜೂಕಿನ ಪಾಲು ದೊಡ್ಡದು.

ಬೆರಕೆಯ ಮೊದಲ ತಲೆಮಾರಿನ ಗಿಡಗಳೆಲ್ಲ ಒಂದೇ ತೆರ. ಅವುಗಳ ಬೀಜ ಬಿತ್ತಿದಾಗ ಎರಡನೆಯ ತಲೆಮಾರಿನಲ್ಲಿ ಅಜ್ಜ ಅಜ್ಜಿಯರ ಗುಣಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಹಂಚಿಹೋಗುತ್ತವೆ. ತಳಿಗಾರನ ಆಯ್ಕೆ ಆರಂಭವಾಗುವುದು ಇಲ್ಲಿ. ಬೇಕಾದ ಗುಣ ಒಂದೇ ಪ್ರಬಲ ವಂಶವಾಹಿಯದಾದರೆ ನಾಲ್ಕು ಗಿಡಗಳಲ್ಲಿ ಮೂರರಲ್ಲಿ ಅದು ಕಾಣುತ್ತದೆ. ಗುಣ ಹತ್ತು ವಂಶವಾಹಿಗಳ ಕೂಡುಫಲವಾದರೆ, ಹತ್ತೂ ಶುದ್ಧರೂಪದಲ್ಲಿ ಸೇರಿದ ಗಿಡ ಸಿಗುವುದು ಹತ್ತು ಲಕ್ಷಕ್ಕೂ ಹೆಚ್ಚು ಸಸಿಗಳಲ್ಲಿ ಒಂದು. ರುಚಿಗೂ ರೋಗನಿರೋಧಕತೆಗೂ ಇರುವ ವ್ಯತ್ಯಾಸ ಈ ಲೆಕ್ಕದಲ್ಲೇ ಅಡಗಿದೆ. ಎಷ್ಟೋ ರೋಗಗಳನ್ನು ಒಂದೊಂದೇ ವಂಶವಾಹಿ ತಡೆಯಬಲ್ಲದು. ಸಸಿಗೆ ರೋಗ ಹತ್ತಿಸಿದರೆ ಅದು ಸಾಯುತ್ತದೆ ಅಥವಾ ಬದುಕುತ್ತದೆ, ತೀರ್ಮಾನ ಸುಲಭ. ರುಚಿ ಹತ್ತಾರು ವಂಶವಾಹಿಗಳ ಕೂಡಾಟ. ಹಣ್ಣಾಗುವ ತನಕ ಕಾದು, ತಿಂದೇ ನೋಡಬೇಕು. ಈಗ ಎಳೆಸಸಿಯ ಒಂದು ಚೂರು ಎಲೆಯಿಂದ ಡಿಎನ್‌ಎ ತೆಗೆದು, ಬೇಕಾದ ವಂಶವಾಹಿಯ ಪಕ್ಕದ ಗುರುತು ಇದೆಯೇ ಎಂದು ನೋಡಿ, ಇಲ್ಲದ ಸಸಿಗಳನ್ನು ಸಸಿಮಡಿಯಲ್ಲೇ ಕೈಬಿಡುವುದು ಸಾಧ್ಯವಾಗಿದೆ. ಆದರೂ ಆರೆಂಟು ತಲೆಮಾರು ಬೆಳೆಸಿ ಶುದ್ಧಗೊಳಿಸಿ, ಬೇರೆ ಬೇರೆ ಊರುಗಳ ಹೊಲಗಳಲ್ಲಿ ಪರೀಕ್ಷಿಸಿ ಬಿಡುಗಡೆ ಮಾಡುವ ಹೊತ್ತಿಗೆ ಹಲವು ವರ್ಷಗಳು ಕಳೆಯುತ್ತವೆ.

ರೋಗದ ಮಾತಿಗೆ ಬಂದರೆ, ದಕ್ಷಿಣ ಕರ್ನಾಟಕದ ರೈತರಿಗೆ ಎಲೆಮುದುಡು ರೋಗದಷ್ಟು ಕಾಟ ಕೊಟ್ಟದ್ದು ಕಡಿಮೆ. ಒಂದು ಮಿಲಿಮೀಟರಿನಷ್ಟಿರುವ ಬಿಳಿನೊಣ ಸಸಿಯ ರಸ ಹೀರುವಾಗ ವೈರಸ್ಸನ್ನು ಒಳಗೆ ಬಿಡುತ್ತದೆ. ಎಲೆಗಳು ಸುರುಟಿ ಬಟ್ಟಲಾಗುತ್ತವೆ, ಗಿಡ ಗಿಡ್ಡಾಗಿ ಪೊದೆಗಟ್ಟುತ್ತದೆ, ಹೂ ಉದುರುತ್ತದೆ. ಬೇಸಿಗೆ ಬೆಳೆಯಲ್ಲಿ ಎಳೆಯ ಸಸಿಗೇ ರೋಗ ತಗುಲಿದರೆ ಹೊಲಕ್ಕೆ ಹೊಲವೇ ಹೋದಂತೆ. ಟೊಮೆಟೊದ ವಂಶಲಿಪಿ ಸುಮಾರು 90 ಕೋಟಿ ಅಕ್ಷರಗಳದ್ದು, 35,000ದಷ್ಟು ವಂಶವಾಹಿಗಳುಳ್ಳದ್ದು. ಅದನ್ನು ನೆಲಕ್ಕೆ ಕೆಡಹುವ ಈ ವೈರಸ್ಸಿನ ಡಿಎನ್‌ಎ ಉದ್ದ ಮೂರು ಸಾವಿರ ಅಕ್ಷರಗಳೊಳಗೆ. ಇದರ ಒಂದು ಬಗೆಗೆ ವಿಜ್ಞಾನಲೋಕದಲ್ಲಿ ಬೆಂಗಳೂರಿನ ಹೆಸರೇ ಅಂಟಿಕೊಂಡಿದೆ.

ನಾಡ ಟೊಮೆಟೊದಲ್ಲಿ ಇದಕ್ಕೆ ತಡೆ ಇರಲಿಲ್ಲ. ಸಿಕ್ಕಿದ್ದು ಕಾಡು ಬಂಧುಗಳಲ್ಲಿ. ಮೈತುಂಬ ರೋಮವಿರುವ ಹ್ಯಾಬ್ರೊಕೈಟಿಸ್ ಎಂಬ ಪ್ರಭೇದದಿಂದ ಭಾರತದ ತಳಿವಿಜ್ಞಾನಿಗಳಾದ ಕಲ್ಲೂ ಮತ್ತು ಬ್ಯಾನರ್ಜಿ ಒಂದು ತಡೆಗುಣವನ್ನು ನಾಡ ಟೊಮೆಟೊಗೆ ತಂದರು. ಅವರು 1990ರಲ್ಲಿ ವಿವರಿಸಿದ ‘ಎಚ್-24’ ಎಂಬ ಸಾಲು ಇತರ ದೇಶಗಳ ತಳಿಗಾರರಿಗೂ ಮೂಲಸಾಮಗ್ರಿಯಾಯಿತು. ಅದರಲ್ಲಿರುವ ವಂಶವಾಹಿಗೆ ಮುಂದೆ ಟಿವೈ-2 ಎಂಬ ಹೆಸರು ಬಂತು. ಚಿಲಿ ದೇಶದ ಒಣನೆಲದ ಚಿಲೆನ್ಸೆ ಪ್ರಭೇದದಿಂದ ಟಿವೈ-1, ಟಿವೈ-3 ಬಂದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ವಿ. ಮುನಿಯಪ್ಪ ಅವರ ತಂಡ ತೈವಾನಿನ ವಿಶ್ವ ತರಕಾರಿ ಕೇಂದ್ರ ಮತ್ತು ಬ್ರಿಟನ್ನಿನ ಸಂಶೋಧಕರೊಂದಿಗೆ ಕೂಡಿ ಈ ಶತಮಾನದ ಆರಂಭದಲ್ಲಿ ‘ಸಂಕ್ರಾಂತಿ’, ‘ನಂದಿ’, ‘ವೈಭವ್’ ಎಂಬ ಮೂರು ತಡೆತಳಿಗಳನ್ನು ರೂಪಿಸಿತು. ಇವು ಹೈಬ್ರಿಡ್ ಅಲ್ಲ; ರೈತ ತನ್ನ ಹೊಲದ ಹಣ್ಣಿನಿಂದಲೇ ಮುಂದಿನ ಬೆಳೆಗೆ ಬೀಜ ಎತ್ತಿಟ್ಟುಕೊಳ್ಳಬಹುದು. ಬೀಜದ ಖರ್ಚೇ ಭಾರವಾಗುವ ಸಣ್ಣ ರೈತರಿಗೆ ಈ ಅನುಕೂಲ ಸಣ್ಣದಲ್ಲ.

ಕಾಡಿನಿಂದ ಗುಣ ತರುವ ಕಷ್ಟ ಎಂಥದೆಂಬುದಕ್ಕೆ ಬೇರುಗಂಟು ಜಂತುಹುಳುವಿನ ಕಥೆ ಒಳ್ಳೆಯ ಉದಾಹರಣೆ. ಇದನ್ನು ತಡೆಯುವ ಶಕ್ತಿ ಪೆರುವಿಯಾನಮ್ ಎಂಬ ಕಾಡು ಪ್ರಭೇದದಲ್ಲಿತ್ತು. ಆದರೆ ಅದನ್ನು ನಾಡ ಟೊಮೆಟೊಗೆ ಬೆರೆಸಿದರೆ ಬೀಜ ಬಲಿಯುವ ಮೊದಲೇ ಭ್ರೂಣ ಸಾಯುತ್ತಿತ್ತು. 1944ರಲ್ಲಿ ಕ್ಯಾಲಿಫೋರ್ನಿಯಾದ ಪಿ. ಜಿ. ಸ್ಮಿತ್ ಸಾಯಲಿದ್ದ ಭ್ರೂಣವನ್ನು ಎಳೆಗಾಯಿಯಿಂದ ಹೊರತೆಗೆದು ಪೋಷಕದ್ರವ್ಯದಲ್ಲಿ ಸಾಕಿ ಒಂದು ಗಿಡ ಮಾಡಿಕೊಂಡರು. ಜಗತ್ತಿನಾದ್ಯಂತ ಜಂತುಹುಳು ತಡೆಯುವ ಟೊಮೆಟೊ ತಳಿಗಳ ‘ಎಂಐ’ ವಂಶವಾಹಿ ಇಳಿದುಬಂದದ್ದು ಆ ಬೆರಕೆಯಿಂದ. ಅದಕ್ಕೊಂದು ಕೊರತೆಯೂ ಉಂಟು: ಮಣ್ಣಿನ ಬಿಸಿ 28 ಡಿಗ್ರಿ ದಾಟಿದರೆ ಅದರ ತಡೆ ಸಡಿಲವಾಗುತ್ತದೆ. ಬಿಸಿಲುನಾಡಿಗೆ ಇದು ಚಿಕ್ಕ ಮಾತಲ್ಲ.

ದುಂಡಾಣು ಸೊರಗು ರೋಗ ಇನ್ನೂ ಹಟಮಾರಿ. ಹಸಿರಾಗಿ ನಿಂತ ಗಿಡ ಎಲೆ ಹಳದಿಯಾಗುವ ಮೊದಲೇ ಬಾಡಿ ತಲೆ ಬಾಗಿಸುತ್ತದೆ. ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟರೆ ಹಾಲಿನಂಥ ದಾರ ಇಳಿಯುತ್ತದೆ. ಅದು ಕೋಟಿಗಟ್ಟಲೆ ದುಂಡಾಣುಗಳ ಹರಿವು. ಇದನ್ನು ತಡೆಯುವ ಗುಣ ಹಲವು ವಂಶವಾಹಿಗಳದ್ದು, ಮತ್ತು ಸಣ್ಣ ಹಣ್ಣಿನ ಗುಣ ಅದರ ಬೆನ್ನಿಗೇ ಬರುತ್ತಿದ್ದುದು ತಳಿಗಾರರನ್ನು ಬಹುಕಾಲ ಕಾಡಿತು. ಅಂಟಿಕೊಂಡು ಬರುವ ಇಂಥ ಬೇಡದ ಗುಣವನ್ನು ಕಳಚಲು ಬೆರಕೆಯನ್ನು ಮತ್ತೆ ಮತ್ತೆ ನಾಡ ತಳಿಗೇ ಕೂಡಿಸುತ್ತ ಹೋಗಬೇಕಾಗುತ್ತದೆ. ಒಳದಾರಿಯೊಂದಿದೆ: ರೋಗ ತಡೆಯುವ ಬದನೆಯ ಬೇರಿಗೆ ಟೊಮೆಟೊ ಕುಡಿಯನ್ನು ಕಸಿ ಕಟ್ಟುವುದು. ಬುಡ ಬದನೆಯದು, ಹಣ್ಣು ಟೊಮೆಟೊದ್ದು.

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸೊರಗು ರೋಗ ತಡೆಯುವ ‘ಅರ್ಕಾ ಆಭಾ’, ‘ಅರ್ಕಾ ಆಲೋಕ್’ ತಳಿಗಳನ್ನು ಮೊದಲು ಕೊಟ್ಟಿತು. ಅಲ್ಲಿನ ಎ. ಟಿ. ಸದಾಶಿವ ಅವರ ಮುಂದಾಳತ್ವದಲ್ಲಿ 2010ರ ಹೊತ್ತಿಗೆ ಬಂದ ‘ಅರ್ಕಾ ರಕ್ಷಕ್’ ಎಂಬ ಹೈಬ್ರಿಡ್ ಎಲೆಮುದುಡು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆಯುತ್ತದೆ. ಹಣ್ಣು 90ರಿಂದ 100 ಗ್ರಾಂ. ಹೆಕ್ಟೇರಿಗೆ 75ರಿಂದ 80 ಟನ್ ಇಳುವರಿಯ ಶಕ್ತಿ ಅದಕ್ಕಿದೆ ಎಂದು ಸಂಸ್ಥೆ ಹೇಳುತ್ತದೆ. ಬಳಿಕ ಬಂದ ‘ಅರ್ಕಾ ಅಭೇದ್’ ತಡವಾಗಿ ಬರುವ ಅಂಗಮಾರಿಗೂ ತಡೆ ಒಡ್ಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಂಥ ಟೊಮೆಟೊ ಸೀಮೆಯಲ್ಲಿ ರೋಗ ತಡೆಯುವ ತಳಿ ಎಂದರೆ ಔಷಧಿ ಸಿಂಪಡಣೆಯ ಸುತ್ತುಗಳು ಕಡಿಮೆಯಾಗುವುದು, ಸಾಲ ಕಡಿಮೆಯಾಗುವುದು, ಸಿಂಪಡಿಸುವವನ ಉಸಿರಿಗೂ ತಿನ್ನುವವನ ತಟ್ಟೆಗೂ ವಿಷ ಕಡಿಮೆಯಾಗುವುದು. ಸಸ್ಯದ ಆರೋಗ್ಯವನ್ನು ರುಚಿಗಿಂತ ಕೆಳಗಿನ ಗುರಿ ಎನ್ನಲು ಬರುವುದಿಲ್ಲ.

ಎರಡೂ ಗುರಿಗಳು ಒಂದಕ್ಕೊಂದು ಎದುರಾಳಿಗಳೇನಲ್ಲ. 2019ರಲ್ಲಿ 725 ಬಗೆಯ ಕಾಡು, ನಾಡು ಟೊಮೆಟೊಗಳ ಡಿಎನ್‌ಎ ಹೋಲಿಸಿದ ಅಧ್ಯಯನವೊಂದು ಮೊದಲ ಓದಿನಲ್ಲಿ ಇಲ್ಲದಿದ್ದ 4,873 ವಂಶವಾಹಿಗಳನ್ನು ಪತ್ತೆ ಮಾಡಿತು. ಅವುಗಳಲ್ಲಿ ರೋಗ ತಡೆಯುವಂಥವೂ ಬಹಳ. ಅದೇ ಅಧ್ಯಯನ ಪರಿಮಳ ತಯಾರಿಕೆಗೆ ನೆರವಾಗುವ ‘ಟಾಮ್‌ಲಾಕ್ಸ್-ಸಿ’ ವಂಶವಾಹಿಯ ಒಂದು ವಿರಳ ರೂಪವನ್ನೂ ಗುರುತಿಸಿತು. ಪಿಂಪಿನೆಲ್ಲಿಫೋಲಿಯಮ್ ಗಿಡಗಳಲ್ಲಿ ಶೇಕಡ 91ರಷ್ಟರಲ್ಲಿ ಅದಿದೆ. ಅಜ್ಜಿಯ ಕಾಲದ ತಳಿಗಳಲ್ಲಿ ಶೇಕಡ 2ರಷ್ಟರಲ್ಲಿ ಮಾತ್ರ. ಇಂದಿನ ತಳಿಗಳಲ್ಲಿ ಶೇಕಡ 7ರಷ್ಟರಲ್ಲಿ. ಹಳೆಯದಕ್ಕಿಂತ ಹೊಸ ತಳಿಗಳಲ್ಲೇ ಅದು ಹೆಚ್ಚಿರುವುದು ಮೊದಲ ನೋಟಕ್ಕೆ ತಲೆಕೆಳಗಾದ ಲೆಕ್ಕ. ಬೇರೆ ಗುಣಗಳಿಗಾಗಿ ಕಾಡು ಬಂಧುಗಳನ್ನು ಬೆರೆಸಿದಾಗ ಆ ತುಣುಕೂ ಯಾರಿಗೂ ತಿಳಿಯದಂತೆ ಜೊತೆಗೆ ಬಂದಿರಬಹುದು.

ಕಾಡು ಗಿಡದ ಹಣ್ಣು ತಿಂದು ಅದರ ಯೋಗ್ಯತೆ ಅಳೆಯುವಂತಿಲ್ಲ ಎಂಬುದಕ್ಕೆ 832 ಎಂಬ ಸಂಖ್ಯೆಯೇ ಸಾಕ್ಷಿ. 1962ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಹ್ಯೂ ಇಲ್ಟಿಸ್ ಮತ್ತು ಸಂಗಡಿಗ ಕಾಡು ಆಲೂಗಡ್ಡೆ ಹುಡುಕುತ್ತ ಪೆರುವಿನ ಆಂಡಿಸ್ ಕಣಿವೆಯಲ್ಲಿದ್ದಾಗ ಕಳೆಯಂತೆ ಬೆಳೆದಿದ್ದ ಒಂದು ಟೊಮೆಟೊ ಕಣ್ಣಿಗೆ ಬಿತ್ತು. ಹಸಿರು ಹಣ್ಣು, ತಿನ್ನಲು ಯೋಗ್ಯವಲ್ಲ. ಆದರೂ ಬೀಜ ಒಣಗಿಸಿ, 832 ಎಂದು ಸಂಖ್ಯೆ ಹಾಕಿ, ಡೇವಿಸ್‌ನಲ್ಲಿದ್ದ ಟೊಮೆಟೊ ವಿಜ್ಞಾನಿ ಚಾರ್ಲ್ಸ್ ರಿಕ್ ಅವರಿಗೆ ಕಳಿಸಿದರು. ಅದೊಂದು ಹೊಸ ಪ್ರಭೇದವೆಂದು ತಿಳಿದುಬಂತು. ರಿಕ್ ಅದನ್ನು ನಾಡ ಟೊಮೆಟೊಗೆ ಬೆರೆಸಿ, ತಲೆಮಾರುಗಳ ಆಯ್ಕೆಯ ಬಳಿಕ, ಸಕ್ಕರೆಯೇ ಪ್ರಧಾನವಾದ ಕರಗಿದ ಘನಾಂಶ ಹೆಚ್ಚಿದ ದೊಡ್ಡ ಹಣ್ಣಿನ ಸಾಲುಗಳನ್ನು 1974ರಲ್ಲಿ ಪ್ರಕಟಿಸಿದರು. ಇಸ್ರೇಲಿನ ಹೀಬ್ರೂ ವಿಶ್ವವಿದ್ಯಾಲಯದ ಡ್ಯಾನಿ ಜಮೀರ್ ಮರಳುನಾಡಿನ ಪೆನ್ನೆಲ್ಲಿಯೈ ಪ್ರಭೇದದ ತುಣುಕುಗಳನ್ನು ಒಂದೊಂದಾಗಿ ನಾಡ ಟೊಮೆಟೊದೊಳಗೆ ಕೂರಿಸಿ, ಸಕ್ಕರೆ ಹೆಚ್ಚಿಸುವ ವಂಶವಾಹಿಯೊಂದನ್ನು ಹೆಸರು ಹಿಡಿದು ತೋರಿಸಿದರು. ಆ ಪ್ರಭೇದದ ಹಣ್ಣೂ ಹಸಿರೇ. 2024ರಲ್ಲಿ ಚೀನಾದ ಸಂಶೋಧಕರು ಸಕ್ಕರೆಗೆ ತಡೆಯೊಡ್ಡುವ ಎರಡು ವಂಶವಾಹಿಗಳನ್ನು ಜೀನ್ ತಿದ್ದುಪಡಿಯಿಂದ ಸುಮ್ಮನಾಗಿಸಿ, ಇಳುವರಿ ಕುಂದದಂತೆ ಸಕ್ಕರೆಯನ್ನು ಶೇಕಡ 30ರವರೆಗೆ ಹೆಚ್ಚಿಸಿದ್ದನ್ನು ವರದಿ ಮಾಡಿದರು. ಹೊರಗಿನ ಡಿಎನ್‌ಎ ಉಳಿಯದ ಇಂಥ ತಿದ್ದುಪಡಿಗೆ ಭಾರತ 2022ರಲ್ಲಿ ಕುಲಾಂತರಿ ನಿಯಮಗಳಿಂದ ವಿನಾಯಿತಿ ನೀಡಿದೆ.

ಇಷ್ಟಾದರೂ ಯಾರ ರುಚಿ ಎಂಬ ಪ್ರಶ್ನೆ ಉಳಿಯುತ್ತದೆ. ಫ್ಲೋರಿಡಾದಲ್ಲಿ ಅಂಕ ಕೊಟ್ಟವರು ಹಸಿ ಹೋಳು ತಿಂದು ಕೊಟ್ಟರು. ಕನ್ನಡ ನಾಡಿನ ಅಡುಗೆಮನೆಯಲ್ಲಿ ಟೊಮೆಟೊ ಮುಖ್ಯವಾಗಿ ಸಾರಿಗೆ, ಗೊಜ್ಜಿಗೆ, ಚಿತ್ರಾನ್ನದ ಒಗ್ಗರಣೆಗೆ. ಬೇಯುವಾಗ ಹಸಿವಾಸನೆ ಹಾರಿಹೋಗಿ, ಗಂಧಕದ ಅಂಶವಿರುವ ಬೇರೊಂದು ಪರಿಮಳ ಮೇಲೇಳುತ್ತದೆ; ಹುಳಿಯೂ ಗ್ಲುಟಮೇಟೂ ಉಳಿದುಕೊಳ್ಳುತ್ತವೆ. ಇವೆರಡೂ ದಟ್ಟವಾಗಿರುವುದು ಬೀಜದ ಸುತ್ತಲಿನ ಲೋಳೆಯಲ್ಲಿ. ಸಾಗಣೆಗೆಂದು ದಪ್ಪಗೋಡೆಯ, ಲೋಳೆ ಕಡಿಮೆಯಿರುವ ಹಣ್ಣನ್ನು ರೂಪಿಸಿದಾಗ ಕಳೆದುಹೋಗುವುದು ಈ ಪಾಲೇ. ಬೆಂಗಳೂರಿನ ತರಕಾರಿ ಅಂಗಡಿಯಲ್ಲಿ ‘ನಾಟಿ’ ಮತ್ತು ‘ಹೈಬ್ರಿಡ್’ ಎಂದು ಎರಡು ರಾಶಿ ಇಡುವುದೂ, ಸಾರಿಗೆ ನಾಟಿಯೇ ಆಗಬೇಕೆಂದು ಗೃಹಿಣಿಯರು ಹಟ ಹಿಡಿಯುವುದೂ ಇದರಿಂದಲೇ. ತೆಳು ಸಿಪ್ಪೆಯ, ರಸ ತುಂಬಿದ, ಹುಳಿಯಾದ ಆ ಹಣ್ಣಿನ ಗುಣಗಳನ್ನು ಕನ್ನಡ ನಾಲಿಗೆಯ ಅಳತೆಗೋಲಿನಲ್ಲೇ ಅಳೆದು, ಅವನ್ನು ‘ಅರ್ಕಾ ರಕ್ಷಕ್’ನಂಥ ಗಟ್ಟಿ ಗಿಡಕ್ಕೆ ತುಂಬುವುದು ಇಲ್ಲಿನ ತಳಿಗಾರರು ಕೈಗೆತ್ತಿಕೊಳ್ಳಬೇಕಾದ ಕೆಲಸ. ಸಾರಿನ ರುಚಿ ಹೊರನಾಡಿನ ನಕ್ಷೆಯಲ್ಲಿ ಸಿಗುವಂಥದ್ದಲ್ಲ.

ರೋಗಗಳೂ ಸುಮ್ಮನೆ ಕೂರುವುದಿಲ್ಲ. ಮೊಸಾಯಿಕ್ ವೈರಸ್ಸುಗಳನ್ನು ಸುಮಾರು ಅರ್ಧ ಶತಮಾನ ತಡೆದು ನಿಲ್ಲಿಸಿದ್ದ, ಪೆರುವಿಯಾನಮ್‌ನಿಂದಲೇ ಬಂದ ವಂಶವಾಹಿಯೊಂದನ್ನು ದಾಟಬಲ್ಲ ಹೊಸ ವೈರಸ್ 2014ರಲ್ಲಿ ಇಸ್ರೇಲಿನಲ್ಲಿ ಕಾಣಿಸಿಕೊಂಡಿತು. ಕೈ, ಕತ್ತರಿ, ಬೀಜ ಯಾವುದರಿಂದಲೂ ಹರಡುವ ಅದು ಹಣ್ಣಿನ ಮೇಲೆ ಕಂದು ಸುಕ್ಕು ಮೂಡಿಸುತ್ತದೆ, ಈಗ ಹಲವು ಖಂಡಗಳನ್ನು ಮುಟ್ಟಿದೆ. ತಳಿಗಾರರು ಮತ್ತೆ ಕಾಡು ಬೀಜಗಳ ಸಂಗ್ರಹಕ್ಕೆ ಹೋದರು, ತಡೆಗುಣ ಸಿಕ್ಕಿತು, ಅದನ್ನು ಹೊತ್ತ ಹೈಬ್ರಿಡ್‌ಗಳು ಬರತೊಡಗಿವೆ.

ಇಂಥ ಸಂಗ್ರಹಗಳಲ್ಲಿ ಹೆಸರಾದದ್ದು ಡೇವಿಸ್‌ನಲ್ಲಿರುವ, ಚಾರ್ಲ್ಸ್ ರಿಕ್ ಅವರ ಹೆಸರನ್ನೇ ಹೊತ್ತ ಟೊಮೆಟೊ ಆನುವಂಶಿಕ ಸಂಪನ್ಮೂಲ ಕೇಂದ್ರ. ರಿಕ್ ದಶಕಗಳ ಕಾಲ ಆಂಡಿಸ್ ಸುತ್ತಿ ಬೀಜ ಆಯ್ದವರು. ಗಲಪಗೋಸ್‌ನಿಂದ ತಂದ ಬೀಜಗಳು ಯಾವ ಉಪಾಯಕ್ಕೂ ಮೊಳೆಯದಿದ್ದಾಗ ಅವನ್ನು ಅದೇ ದ್ವೀಪದ ದೈತ್ಯ ಆಮೆಗಳಿಗೆ ತಿನ್ನಿಸಿದರು. ವಾರಗಳ ನಂತರ ಲದ್ದಿಯಲ್ಲಿ ಹೊರಬಂದ ಬೀಜಗಳು ಮೊಳೆತವು. ಆ ದ್ವೀಪದ ಟೊಮೆಟೊದಿಂದಲೇ ತೊಟ್ಟಿನಲ್ಲಿ ಗಿಣ್ಣಿಲ್ಲದ ಗುಣ ಬಂದದ್ದು, ಅದು ಯಂತ್ರದ ಕೊಯ್ಲಿಗೆ ಒದಗಿತು. ರಿಕ್ 2002ರಲ್ಲಿ ತೀರಿಕೊಂಡರು. ಪೆರುವಿನ ಕಣಿವೆಗಳಲ್ಲಿ ಹೊಲ, ಊರು, ಮೇವಿನ ನೆಲಗಳು ಹಬ್ಬಿ, ಅವರು ಬೀಜ ಆಯ್ದ ಕೆಲವು ತಾಣಗಳಲ್ಲಿ ಈಗ ಆ ಗಿಡಗಳಿಲ್ಲ. ಅವುಗಳ ಬೀಜ ಡೇವಿಸ್‌ನ ತಣ್ಣನೆಯ ಕೋಣೆಯಲ್ಲಿದೆ, ಕೇಳಿದ ಸಂಶೋಧಕರಿಗೆ ಚಿಟಿಕೆಯಷ್ಟು ಸಿಗುತ್ತದೆ.